ಗುಂಡಿಯೊಳಗಿನ ಮೊಸಳೆ

ರಾಯಚೂರಿನ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಶುದ್ಧ ಕನ್ನಡದಲ್ಲಿಯೇ ಬರೆಯಬೇಕೆಂಬುದು ನಿವೃತ್ತ ಮಾಸ್ತರರಾದ ದೊಡ್ಡಪ್ಪನವರ ಕಟ್ಟಪ್ಪಣೆ. ಆದ್ದರಿಂದ ಜಗಳವೂ ವ್ಯಾಕರಣಬದ್ಧವಾಗಿಯೇ ನಡೆಯುತ್ತದೆ.

ಶರಣಪ್ಪ ಕಾಕಾ: (ಚಿತ್ರ) ಕೃಷ್ಣೆಯ ಮೊಸಳೆ ರಾಯಚೂರಿನೊಳಗೆ ಬಂದು ರಸ್ತೆಯ ಗುಂಡಿಯಲ್ಲಿ ಮಲಗಿದೆ. ಮಕ್ಕಳನ್ನು ಹೊರಗೆ ಬಿಡಬೇಡಿ. ಕೂಡಲೇ ಹತ್ತು ಗುಂಪುಗಳಿಗೆ ಕಳುಹಿಸಿ.

ಗಿರಿಜಾ ಅತ್ತೆ: ಅಯ್ಯೋ ಶಿವನೇ! ದೇವಸೂಗೂರಿನ ಹೊಳೆಯಲ್ಲಿ ಮೊಸಳೆಗಳಿವೆ, ಒಂದು ದಿನ ಊರೊಳಗೆ ಬಂದೇ ಬರುತ್ತವೆ ಎಂದು ನಾನು ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಜುಳಾ: ಕಾಕಾ, ಇದು ಯಾವ ಓಣಿ, ಚಿತ್ರ ತೆಗೆದವರು ಯಾರು? ಇದು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಇಟ್ಟ ಮೊಸಳೆಯ ಪ್ರತಿಕೃತಿ. ಸುಮಾರು 12 ಅಡಿಯ ಗುಂಡಿ ದುರಸ್ತಿಯಿಲ್ಲದೆ ಬಿದ್ದಿದ್ದರಿಂದ ಅವರು ಅದನ್ನೇ ಕೊಳವಾಗಿಸಿ, 6,000 ರೂಪಾಯಿ ಖರ್ಚಿನ, 20 ಕಿಲೋ ತೂಕದ ಮೊಸಳೆಯನ್ನು ಅದರಲ್ಲಿ ಮಲಗಿಸಿದರು. ಚಿತ್ರ ಎಲ್ಲೆಡೆ ಹರಡಿದ ಮೇಲೆ ಗುಂಡಿ ಮುಚ್ಚಿತು.

ಶರಣಪ್ಪ ಕಾಕಾ: ಮೊಸಳೆ ಸುಳ್ಳಾದರೆ ಗುಂಡಿಯೂ ಸುಳ್ಳೇ? ಹಿರಿಯರು ಏನು ಕಳುಹಿಸಿದರೂ ಆಧಾರ ಕೇಳುವ ಚಾಳಿ ನಿನಗೆ ಬೆಂಗಳೂರಿನ ನೌಕರಿ ಸಿಕ್ಕ ಮೇಲೆ ಅಂಟಿಕೊಂಡಿದೆ.

ಮಂಜುಳಾ: 2016ರಲ್ಲಿ ಉಪ್ಪು ಸಿಗುವುದಿಲ್ಲವೆಂದು ಹೇಳಿ 20 ಪಾಕೀಟು ತರಿಸಿದವರು ಯಾರೆಂದು ಆಧಾರವಿಲ್ಲದೆಯೇ ಹೇಳಬಲ್ಲೆ.

ದೊಡ್ಡಪ್ಪ: ಹಳೆಯದನ್ನು ಕೆದಕಬಾರದು. ಆದರೆ ಕಲೆಯೆಂದರೆ ನೋಡುವವರ ಮನಸ್ಸನ್ನು ತಿಳಿಗೊಳಿಸಬೇಕು. ಹಾದಿಯಲ್ಲಿ ಮೊಸಳೆಯಿಟ್ಟು ದಾರಿಹೋಕರ ಎದೆಯೊಡೆಸುವುದನ್ನು ಕಲೆ ಎನ್ನುವುದಾದರೆ ದಸರೆಯ ಹುಲಿವೇಷದವನಿಗೂ ಶಾಲು ಹೊದಿಸಬೇಕಾಗುತ್ತದೆ.

ಬಸವರಾಜ: ದೊಡ್ಡಪ್ಪ, ಹುಲಿವೇಷದವನಿಗೆ ಶಾಲು ಹೊದಿಸಿದರೆ ತಪ್ಪೇನು? ಕಲಾವಿದರೆಂದರೆ ನಮ್ಮೂರಿನ ತೀನ್ ಕಂದೀಲ್ ವೃತ್ತದ ಬಳಿ ಏಣಿ ಹತ್ತಿ, ಸಾಬೂನು, ಬೀಡಿಗಳ ಜಾಹೀರಾತು ಬರೆಯುತ್ತಿದ್ದ ಪೇಂಟರುಗಳು. ಮೊದಲು ದಾರಕ್ಕೆ ಸುಣ್ಣ ಹಚ್ಚಿ ಗೋಡೆಗೆ ಮಿಡಿದು ಗೆರೆ ಮೂಡಿಸುತ್ತಿದ್ದರು. ಆಮೇಲೆ ಆಳೆತ್ತರದ ಅಕ್ಷರವೂ ಕೂದಲೆಳೆಯಷ್ಟು ಡೊಂಕಾಗುತ್ತಿರಲಿಲ್ಲ. ನಾವು ಶಾಲೆ ತಪ್ಪಿಸಿ ಅದನ್ನೇ ನೋಡುತ್ತ ನಿಲ್ಲುತ್ತಿದ್ದೆವು. ಫ್ಲೆಕ್ಸ್ ಬಂದು ಎಲ್ಲವನ್ನೂ ನುಂಗಿತು.

ದೊಡ್ಡಪ್ಪ: ಶಾಲೆ ತಪ್ಪಿಸಿದ್ದು ಯಾವ ವರ್ಷ?

ಮಂಜುಳಾ: ಬಾದಲ್ ಅವರೂ ಜಾಹೀರಾತು ಕಂಪನಿಯಲ್ಲಿ ದುಡಿದವರೇ. ನಾಲ್ಕು ಮನವಿಪತ್ರಗಳು ಮಾಡದ ಕೆಲಸವನ್ನು ಒಂದು ಚಿತ್ರದಿಂದ ಮಾಡಿಸುವ ಜಾಣ್ಮೆ ಅಲ್ಲಿಯದು. 2019ರಲ್ಲಿ, ಚಂದ್ರಯಾನ 2ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯಬೇಕಿದ್ದ ದಿನಕ್ಕೆ ಕೆಲವೇ ದಿನಗಳ ಮೊದಲು, ಗಗನಯಾತ್ರಿಯ ಉಡುಪು ತೊಟ್ಟ ನಟರೊಬ್ಬರನ್ನು ಅವರು ಬೆಂಗಳೂರಿನ ಹೇರೋಹಳ್ಳಿಯ ಹಾಳು ರಸ್ತೆಯ ಮೇಲೆ ರಾತ್ರಿ ನಿಧಾನವಾಗಿ ನಡೆಸಿದರು. ಅದರ ವಿಡಿಯೋದಲ್ಲಿ ಪಕ್ಕದಲ್ಲಿ ಆಟೋ ಹಾದುಹೋಗುವವರೆಗೆ ಅದು ಚಂದ್ರನ ನೆಲವೆಂದೇ ಅನ್ನಿಸುತ್ತದೆ. ನನ್ನ ಸಿಟ್ಟು ಕಾಕಾನ ಮೇಲಲ್ಲ. ಇಂಥ ಕೆಲಸದಿಂದ ಮಾಡಿದವನ ಹೆಸರನ್ನು ಕತ್ತರಿಸಿ ಹಂಚುತ್ತೇವಲ್ಲ, ಅದರ ಮೇಲೆ.

ದೊಡ್ಡಪ್ಪ: ಆ ವಿಡಿಯೋದಲ್ಲಿ ಆಟೋ ಇದೆಯೇ?

ಮಂಜುಳಾ: ಇದೆ ದೊಡ್ಡಪ್ಪ. ಏಕೆ?

ದೊಡ್ಡಪ್ಪ: ನಾನು ಕೊನೆಯವರೆಗೆ ನೋಡಿರಲಿಲ್ಲ. ನಿವೃತ್ತ ಶಿಕ್ಷಕರ ಗುಂಪಿಗೆ ಇಸ್ರೋ ವಿಜ್ಞಾನಿಗಳಿಗೆ ಅಭಿನಂದನೆಗಳೆಂದು ಬರೆದು ಕಳುಹಿಸಿದ್ದೆ.

ಶರಣಪ್ಪ ಕಾಕಾ: ಮಂಜುಳಾ, ಈಗ ನಿನ್ನ ದೊಡ್ಡಪ್ಪನಿಗೂ ಆಧಾರ ಕೇಳು.

ಗಿರಿಜಾ ಅತ್ತೆ: ಅದೆಲ್ಲ ಇರಲಿ ಶರಣಪ್ಪ, ಉಪ್ಪಿನ ವಿಷಯ ಬಂತೆಂದು ನೆನಪಿಸುತ್ತಿದ್ದೇನೆ. ಆ 20 ಪಾಕೀಟುಗಳ ಹಣ ಕೊಟ್ಟವಳು ನಾನು.