ಷೇರುದಾರರ ಮತಕ್ಕೆ ಸಲಹೆ ಕೊಡುವವರ ಮೇಲೆ ಗ್ರಾಹಕ ಕಾಯ್ದೆ: ಇಲ್ಲಿ ಗ್ರಾಹಕ ಯಾರು?

ಪ್ರಶ್ನೆ (ಆಸ್ಟಿನ್‌ನಿಂದ): ನಮಸ್ಕಾರ ಮೇಡಂ. ನಾನು ಹಾಸನದ ಕಡೆಯವನು, ಎಂಟು ವರ್ಷದಿಂದ ಟೆಕ್ಸಸ್‌ನಲ್ಲಿದ್ದೇನೆ. ನಿವೃತ್ತಿಗೆಂದು ಸಂಬಳದಲ್ಲಿ ಹಿಡಿಯುವ ದುಡ್ಡೆಲ್ಲ ಇಂಡೆಕ್ಸ್ ಫಂಡ್‌ನಲ್ಲಿದೆ (ಷೇರು ಸೂಚ್ಯಂಕದ ಕಂಪನಿಗಳಲ್ಲಿ ಹೂಡುವ ಫಂಡ್). ಐಎಸ್‌ಎಸ್, ಗ್ಲಾಸ್ ಲೂಯಿಸ್ ಎಂಬ ಸಲಹಾ ಕಂಪನಿಗಳು ಗ್ರಾಹಕರಿಗೆ ಮೋಸ ಮಾಡಿವೆ ಎಂದು ಫ್ಲಾರಿಡಾ ದಾವೆ ಹೂಡಿದೆಯಂತೆ. ನಾನು ಆ ಕಂಪನಿಗಳಿಂದ ಏನೂ ಕೊಂಡಿಲ್ಲ. ನಾನೂ ಗ್ರಾಹಕನೇ?

ಉತ್ತರ (ಕಂಪನಿ ಸೆಕ್ರೆಟರಿ): ನಮಸ್ಕಾರ ಸರ್. ನೇರವಾಗಿ ಅಲ್ಲ. ಕಂಪನಿಗಳ ವಾರ್ಷಿಕ ಸಭೆಯಲ್ಲಿ ಯಾವ ನಿರ್ಣಯಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಬೇಡ ಅನ್ನಬೇಕು ಎಂದು ಹೇಳುವುದು ಈ ಇಬ್ಬರ ಕಸುಬು. ಆ ಸಲಹೆಗೆ ದುಡ್ಡು ಕೊಡುವವರು ದೊಡ್ಡ ಫಂಡ್‌ಗಳು, ಪಿಂಚಣಿ ನಿಧಿಗಳು. ನಿಮ್ಮ ಷೇರಿನ ಮತ ಹಾಕುವವರೂ ಅವರೇ.

2025ರ ನವೆಂಬರ್‌ನಲ್ಲಿ ಫ್ಲಾರಿಡಾದ ಅಟಾರ್ನಿ ಜನರಲ್ ಜೇಮ್ಸ್ ಉತ್‌ಮೈಯರ್ ಹೂಡಿದ ದಾವೆಯ ತಿರುಳು ಇಷ್ಟು: ನಿಷ್ಪಕ್ಷಪಾತ ಸಲಹೆ ಎಂದು ಮಾರಿ, ಒಳಗೆ ಹವಾಮಾನ, ವೈವಿಧ್ಯದಂಥ ಇಎಸ್‌ಜಿ (ಪರಿಸರ, ಸಮಾಜ, ಕಂಪನಿ ಆಡಳಿತ) ವಿಚಾರ ತುಂಬಿದ್ದಾರೆ. ಜೊತೆಗೆ ಪೈಪೋಟಿ ಕಾಯ್ದೆಯ ಆರೋಪವೂ ಇದೆ.

ನಿಮ್ಮ ಟೆಕ್ಸಸ್ ಇನ್ನೊಂದು ದಾರಿ ಹಿಡಿಯಿತು. 2025ರಲ್ಲಿ ಸೆನೆಟ್ ಮಸೂದೆ 2337 ಪಾಸಾಯಿತು. ಹಣಕಾಸಲ್ಲದ ಕಾರಣಕ್ಕೆ ಸಲಹೆ ಕೊಟ್ಟರೆ, ಇದು ಷೇರುದಾರರ ಹಣದ ಹಿತಕ್ಕಷ್ಟೇ ಕೊಟ್ಟ ಸಲಹೆಯಲ್ಲ ಎಂದು ಸಲಹೆಗಾರರೇ ಬರೆದು ತಿಳಿಸಬೇಕು. ತಪ್ಪಿದರೆ ಅದು ಮೋಸದ ವ್ಯಾಪಾರ. ಸೆಪ್ಟೆಂಬರ್ 1ಕ್ಕೆ ಜಾರಿಯಾಗಬೇಕಿತ್ತು. ಎರಡೂ ಕಂಪನಿಗಳು ವಾಕ್‌ಸ್ವಾತಂತ್ರ್ಯದ ಪ್ರಶ್ನೆ ಎತ್ತಿ ಕೋರ್ಟಿಗೆ ಹೋದವು. ಆಗಸ್ಟ್ 29ರಂದು ಆಸ್ಟಿನ್‌ನ ಫೆಡರಲ್ ನ್ಯಾಯಾಧೀಶ ಅಲನ್ ಆಲ್‌ಬ್ರೈಟ್ ಮಧ್ಯಂತರ ತಡೆ ಕೊಟ್ಟರು.

ನನಗೆ ಕಸಿವಿಸಿಯಾಗುವುದು ಇಲ್ಲೇ. ಸಲಹೆ ಮಾರುವವನು ಯಾವ ತಕ್ಕಡಿಯಲ್ಲಿ ತೂಗಿದ ಎಂದು ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹವಾಮಾನದ ಅಪಾಯ ಹಣಕಾಸಿನ ವಿಷಯವಲ್ಲ ಎಂದು ಕಾನೂನೇ ಮೊದಲೇ ತೀರ್ಮಾನಿಸಿಬಿಟ್ಟರೆ ಹೇಗೆ? ಚಂಡಮಾರುತದ ದಾರಿಯಲ್ಲಿ ರಿಫೈನರಿ ಇರುವ ಕಂಪನಿಗೆ ಅದು ನೇರ ನಷ್ಟದ ಲೆಕ್ಕ. ಅಲ್ಲದೆ ಕೊಳ್ಳುವ ಫಂಡ್‌ಗಳು ಏನೂ ತಿಳಿಯದವರಲ್ಲ. ಸಾಮಾನ್ಯ ನೀತಿಯೋ, ಸುಸ್ಥಿರತೆಯ ನೀತಿಯೋ ಎಂದು ಅವರೇ ಆರಿಸಿಕೊಳ್ಳುತ್ತಾರೆ. ಕಣ್ಣು ಬಿಟ್ಟು ಕೊಂಡವರನ್ನು ಮೋಸಹೋದ ಗ್ರಾಹಕ ಎನ್ನುವುದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಪ್ರಶ್ನೆ (ಅವರೇ): ಆದರೆ ಇಬ್ಬರೇ ಸೇರಿ ಎಲ್ಲರ ಮತ ತಿರುಗಿಸುತ್ತಾರೆ ಅನ್ನುತ್ತಾರಲ್ಲ ಮೇಡಂ?

ಉತ್ತರ: ಮಾರುಕಟ್ಟೆಯ ಬಹುಪಾಲು ಅವರದೇ, ಅದು ಸಣ್ಣ ಆತಂಕವಲ್ಲ. ಆದರೂ ನಿಮ್ಮ ಊರಿನ ಟೆಸ್ಲಾ ನೋಡಿ. ಮಸ್ಕ್ ಅವರ ಸಂಭಾವನೆಯ ನಿರ್ಣಯಕ್ಕೆ ಇಬ್ಬರೂ ಬೇಡ ಎಂದರು. 2025ರ ನವೆಂಬರ್ 6ರಂದು ಶೇ 75ಕ್ಕೂ ಹೆಚ್ಚು ಮತದಿಂದ ಅದು ಪಾಸಾಯಿತು. ಗ್ಲಾಸ್ ಲೂಯಿಸ್ ಅಂತೂ 2027ರಿಂದ ಎಲ್ಲರಿಗೂ ಒಂದೇ ಸಲಹೆ ಕೊಡುವುದನ್ನೇ ನಿಲ್ಲಿಸುತ್ತೇವೆ ಎಂದಿದೆ.

ಪ್ರಶ್ನೆ (ಬೆಂಗಳೂರಿನಿಂದ): ನಮ್ಮಲ್ಲಿ ಹೇಗೆ ಮೇಡಂ?

ಉತ್ತರ: ನಮ್ಮಲ್ಲಿ ಇಂಥ ಸಲಹೆಗಾರರು ಷೇರುಪೇಟೆ ನಿಯಂತ್ರಕ ಸೆಬಿಯ 2014ರ ರಿಸರ್ಚ್ ಅನಲಿಸ್ಟ್ ನಿಯಮದಡಿ ನೋಂದಾಯಿಸಬೇಕು. ನಿಮ್ಮೂರಲ್ಲೇ ಇನ್‌ಗವರ್ನ್ ಎಂಬ ಇಂಥ ಸಂಸ್ಥೆ ಇದೆ. ಮತದಾನ ನೀತಿಯನ್ನು ಬಹಿರಂಗಪಡಿಸಬೇಕು, ವರದಿಯನ್ನು ಗ್ರಾಹಕರಿಗೆ ಕೊಟ್ಟಾಗಲೇ ಕಂಪನಿಗೂ ಕೊಡಬೇಕು ಎಂದು ಸೆಬಿ 2020ರಲ್ಲಿ ಹೇಳಿತು. ಎಲ್ಲರಿಗೂ ಒಂದೇ ನಿಯಮ, ಇಎಸ್‌ಜಿಗೆಂದು ಬೇರೆ ಚೀಟಿ ಅಂಟಿಸುವುದಿಲ್ಲ. ಆಸ್ಟಿನ್‌ನ ಸರ್, ನಿಮ್ಮ ಫಂಡ್ ಹೇಗೆ ಮತ ಹಾಕಿತು ಎಂಬ ವಿವರ ಪ್ರತಿವರ್ಷ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಸಲ್ಲಿಕೆಯಾಗುತ್ತದೆ, ಎನ್-ಪಿಎಕ್ಸ್ ಎಂಬ ನಮೂನೆಯಲ್ಲಿ. ಮೊದಲು ಅದನ್ನು ತೆಗೆದು ಓದಿ.