ಪದಚರ್ಚೆ: ಕಾಫಿಯ 'ಪಾರ್ಚ್‌ಮೆಂಟ್', 'ಚೆರಿ', 'ಪಲ್ಪಿಂಗ್' – ಫಲಕಕ್ಕೆ ಬೇಕು, ತುರ್ತು

ಎಲ್ಲರಿಗೂ ನಮಸ್ಕಾರ. ನಾನು ತೋಟಗಾರಿಕೆ ಓದುತ್ತಿರುವ ವಿದ್ಯಾರ್ಥಿನಿ. ಊರು ಬಯಲುಸೀಮೆ, ಕಾಫಿ ಗಿಡವನ್ನು ಹತ್ತಿರದಿಂದ ನೋಡಿದ್ದೇ ಈಗ. ಮೊನ್ನೆ ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಅರೇಬಿಕಾ ಜಾತಿಯ ಕಾಫಿಯ ಕೆಲಸ ನೋಡಿದೆವು. ಹಣ್ಣು ಕೊಯ್ದರು, ಪಲ್ಪರ್ ಎಂಬ ಸಿಪ್ಪೆ ಸುಲಿಯುವ ಯಂತ್ರಕ್ಕೆ ಹಾಕಿದರು. ಹಿಂದಿನ ದಿನ ತೊಟ್ಟಿಯಲ್ಲಿ ಬಿಟ್ಟಿದ್ದನ್ನು ತೊಳೆದು ಕಣದಲ್ಲಿ ಹರಡಿದರು. ಕಾಲೇಜಿನ ಪ್ರದರ್ಶನಕ್ಕೆ ಇದನ್ನೆಲ್ಲ ಕನ್ನಡ ಫಲಕಗಳಲ್ಲಿ ಬರೆಯಬೇಕು. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ.

ಸಿಕ್ಕಿಕೊಂಡಿರುವುದು ಮೂರು ಕಡೆ. ಪಲ್ಪಿಂಗ್‌ಗೆ ಏನು ಬರೆಯಲಿ? ಪಾರ್ಚ್‌ಮೆಂಟ್ ಅಂದರೆ 'ಬರೆಯುವ ಚರ್ಮ' ಅನ್ನುತ್ತದೆ ನಿಘಂಟು, ಅದು ಇಲ್ಲಿಗೆ ಕೂರುವುದಿಲ್ಲ. ಚೆರಿ ಅಂದರೆ ಗಿಡದ ಮೇಲಿನ ಕೆಂಪು ಹಣ್ಣು ಅಂತ ಪುಸ್ತಕದಲ್ಲಿ ಓದಿದ್ದೆ. ತೋಟದ ಲೆಕ್ಕ ಬರೆಯುವ ರೈಟರ್ ಮಾತ್ರ ಕಣದ ಮೂಲೆಯಲ್ಲಿ ಒಣಗಿ ಕಪ್ಪಾಗಿದ್ದ ರಾಶಿ ತೋರಿಸಿ 'ಇದು ಚೆರಿ' ಅಂದರು. ಯಾವುದು ಸರಿ?

ಮರು: ಮೈಸೂರಿನಿಂದ

ತೊಗಲು. ಇದರಲ್ಲಿ ಚರ್ಚೆಗೆ ಏನಿದೆ? ಪಾರ್ಚ್‌ಮೆಂಟ್ ಎಂಬ ಹೆಸರು ಬಂದದ್ದು ಪೆರ್ಗಮಾನ್ ಎಂಬ ಹಳೆಯ ಪಟ್ಟಣದಿಂದ. ಈಗ ಅದು ಟರ್ಕಿಯಲ್ಲಿದೆ. ಪ್ರಾಣಿಗಳ ತೊಗಲನ್ನು ಹದಮಾಡಿ ಬರೆಯಲು ಬಳಸುತ್ತಿದ್ದರು. ತಮಿಳಿನ ತೋಲ್, ತೆಲುಗಿನ ತೋಲು, ನಮ್ಮ ತೊಗಲು ಎಲ್ಲಕ್ಕೂ ಬೇರು ಒಂದೇ. ತಮಿಳರು ಬಾಳೆಹಣ್ಣಿನ ಸಿಪ್ಪೆಗೂ ತೋಲ್ ಅನ್ನುತ್ತಾರೆ. ಅವರಿಗೆ ಆಗುವುದು ನಮಗೆ ಯಾಕೆ ಆಗದು? 'ತೊಗಲುಬೀಜ' ಎಂದು ಹಾಕಿ. ಪಲ್ಪಿಂಗ್‌ಗೆ 'ತಿರುಳ್ಗಳೆತ', ಚೆರಿಗೆ 'ಕೆಂಬಣ್ಣು'.

ಮರು: ಸಕಲೇಶಪುರದಿಂದ

'ತೊಗಲುಬೀಜ' ಬೇಡ. ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ತಂಗಿ, ನಿಮ್ಮ ರೈಟರ್ ಹೇಳಿದ್ದೇ ಸರಿ. ನಮ್ಮಲ್ಲಿ ಚೆರಿ ಅಂದರೆ ಸಿಪ್ಪೆ ಬಿಡಿಸದೆ ಇಡೀ ಹಣ್ಣನ್ನೇ ಒಣಗಿಸಿದ್ದು. ಗಿಡದ ಮೇಲೆ ಇರುವಾಗ ಅದು ಹಣ್ಣು, ಅಷ್ಟೇ. ಹೊರದೇಶದವರು ಹಸಿ ಹಣ್ಣಿಗೇ ಚೆರಿ ಅನ್ನುತ್ತಾರೆ, ನಿಮ್ಮ ಪುಸ್ತಕ ಅದನ್ನು ಹಿಡಿದಿದೆ. ಗಿಡದ ಚಿತ್ರದ ಕೆಳಗೆ 'ಚೆರಿ' ಅಂತ ಬರೆದರೆ ಓದುವ ಬೆಳೆಗಾರರಿಗೆ ಗೊಂದಲ. 'ಕೆಂಬಣ್ಣು' ಅಂದರೆ ಇನ್ನೂ ಕೆಟ್ಟಿತು, ಆ ರಾಶಿ ಕಪ್ಪಗಿರುತ್ತದೆ!

ಪಾರ್ಚ್‌ಮೆಂಟ್ ಅಂದರೆ ಸಿಪ್ಪೆ ಬಿಡಿಸಿ, ಲೋಳೆ ತೊಳೆದು, ಒಣಗಿಸಿದ್ದು. ಬೀಜದ ಮೇಲೆ ಗರಿಗರಿಯಾದ ಒಳಸಿಪ್ಪೆ ಇನ್ನೂ ಇರುತ್ತದೆ. ಅದು ಹೋಗುವುದು ಕ್ಯೂರಿಂಗ್‌ನಲ್ಲಿ, ಅಂದರೆ ಕಾರ್ಖಾನೆಯಲ್ಲಿ ಬೀಜ ಹಸನು ಮಾಡುವಾಗ. ಪೇಟೆ ಧಾರಣೆ ನೋಡಿ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. 50 ಕೆಜಿ ಚೀಲಕ್ಕೆ ಇಷ್ಟು ಅಂತ ನಾಲ್ಕಕ್ಕೂ ಬೇರೆ ಬೇರೆ ಬೆಲೆ. ಇವು ಸರಕಿನ ಹೆಸರುಗಳು. ಮುಟ್ಟಬೇಡಿ.

ಪಲ್ಪಿಂಗ್‌ಗೆ 'ಸಿಪ್ಪೆ ಬಿಡಿಸುವುದು' ಸಾಕು. 'ತಿರುಳ್ಗಳೆತ' ಕೆಲಸದ ಲೆಕ್ಕದಲ್ಲೂ ತಪ್ಪು. ಪಲ್ಪರ್‌ನಲ್ಲಿ ತಿರುಳೆಲ್ಲ ಹೋಗುವುದಿಲ್ಲ, ಲೋಳೆ ಬೀಜಕ್ಕೇ ಅಂಟಿಕೊಂಡು ಉಳಿಯುತ್ತದೆ. ಅದು ಬಿಡಲಿ ಅಂತಲೇ ತೊಟ್ಟಿ. ಅರೇಬಿಕಾಕ್ಕೆ 24ರಿಂದ 36 ಗಂಟೆ, ಚಳಿ ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು. ಒಂದು ಹಿಡಿ ತೊಳೆದು ಹಿಸುಕಿದಾಗ ಜಾರಬಾರದು, ಜಲ್ಲಿಯ ಹಾಗೆ ಕರಕರ ಅನ್ನಬೇಕು. ಬೇಗ ತೆಗೆದರೂ ಕಷ್ಟ, ಮರೆತುಬಿಟ್ಟರೆ ರುಚಿಯೇ ಹೋಗುತ್ತದೆ. ಇದನ್ನು ಫಲಕದಲ್ಲಿ ದಯವಿಟ್ಟು ಬರೆಯಿರಿ, ಜನ ಕಾಫಿ ಹುರಿಯುವುದನ್ನೇ ದೊಡ್ಡ ಕೆಲಸ ಅಂದುಕೊಂಡಿದ್ದಾರೆ.

ಮರು: ಮೈಸೂರಿನಿಂದ

ರೈಟರ್, ಪಲ್ಪರ್, ಕ್ಯೂರಿಂಗ್. ಎಲ್ಲ ಬ್ರಿಟಿಷ್ ದೊರೆಗಳು ಬಿಟ್ಟುಹೋದ ಮಾತು. ಮಂಡಿಯವರಿಗೆ ಅರ್ಥವಾಗುವುದೇ ಅಳತೆಯಾದರೆ ಪದಚರ್ಚೆ ಯಾಕೆ ಬೇಕು? ಬಳಸದೆ ಯಾವ ಪದವೂ ರೂಢಿಗೆ ಬರುವುದಿಲ್ಲ. ಕಾಲೇಜಿನ ಫಲಕದಲ್ಲೇ ಬಳಸದಿದ್ದರೆ ಇನ್ನೆಲ್ಲಿ?

ಮರು: ಮಡಿಕೇರಿಯಿಂದ

ಎರವಲು ಬೇಡ ಅಂದರೆ 'ಕಾಫಿ'ಯನ್ನೇ ಬಿಡಬೇಕಾಗುತ್ತದೆ, ಅಲ್ವಾ ಮೈಸೂರಿನ ಮೇಷ್ಟ್ರೇ? ಅರಬಿಯ ಕಹ್ವಾ ತುರ್ಕಿಯಲ್ಲಿ ಕಹ್ವೆ ಆಗಿ, ಯುರೋಪು ಸುತ್ತಿಕೊಂಡು ನಮ್ಮ ಬಾಯಿಗೆ ಬಂತು. ಅರಬಿಯಲ್ಲಿ ಕಹ್ವಾ ಕುಡಿಯುವುದಕ್ಕೆ, ಬೀಜಕ್ಕೆ ಬುನ್. ಬಾಬಾಬುಡನ್ ಯೆಮೆನ್‌ನ ಮೋಖಾದಿಂದ ಏಳು ಬೀಜ ತಂದರು ಅನ್ನುವ ಐತಿಹ್ಯ ನಿಮಗೆಲ್ಲ ಗೊತ್ತು. ಬೀಜ ಹೊರಗಿಂದ ಬಂದರೆ ಮಾತೂ ಬರುತ್ತದೆ.

ಹಾಗಂತ ತೋಟದವರು ಸುಮ್ನೆ ಎರವಲು ತಂದುಕೊಂಡು ಕೂತಿಲ್ಲ. ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ ಮರಗಸಿ. ಹೂವು ಅರಳಿಸುವ ಬೇಸಿಗೆ ಮಳೆಗೆ ಹೂಮಳೆ. ಕಾಂಡದಿಂದ ನೆಟ್ಟಗೆ ಏಳುವ ಬೇಡದ ಚಿಗುರಿಗೆ ಕಂಬಚಿಗುರು. ಬೇಕಾದ ಕಡೆ ಅವರೇ ಕಟ್ಟಿಕೊಂಡಿದ್ದಾರೆ. ಇವು ಫಲಕಕ್ಕೆ ಬರಲೇಬೇಕು. ಇಷ್ಟು ಒಳ್ಳೆಯ ಪದಗಳನ್ನು ಬಿಟ್ಟು ಪಾರ್ಚ್‌ಮೆಂಟ್ ಒಂದಕ್ಕೇ ಇಷ್ಟು ಹೊಡೆದಾಟ ಯಾಕೆ?

ಮರು: ಕೇಳಿದವಳಿಂದ

ಎಲ್ಲರಿಗೂ ವಂದನೆ. ಫಲಕ ಹೀಗೆ ಬರೆದಿದ್ದೇನೆ:

'ಹಣ್ಣು ಕೊಯ್ಲು – ಸಿಪ್ಪೆ ಬಿಡಿಸುವುದು – ತೊಟ್ಟಿಯಲ್ಲಿ ಲೋಳೆ ಬಿಡಿಸುವುದು – ತೊಳೆದು ಕಣದಲ್ಲಿ ಒಣಗಿಸುವುದು. ಹೀಗೆ ಸಿಗುವುದು ಪಾರ್ಚ್‌ಮೆಂಟ್: ಒಳಸಿಪ್ಪೆ ಇರುವ ಬೀಜ. ಹಣ್ಣನ್ನು ಹಾಗೇ ಒಣಗಿಸಿದರೆ ಚೆರಿ.'

ಮರಗಸಿ, ಹೂಮಳೆ, ಕಂಬಚಿಗುರು ಮೂರಕ್ಕೂ ಬೇರೆ ಫಲಕ ಮಾಡುತ್ತೇನೆ. ಒಂದೇ ಬೀಜ ಇರುವ ಹಣ್ಣಿನದು ಪೀಬೆರಿ. ಅದಕ್ಕೆ 'ಒಂಟಿಬೀಜ' ಅನ್ನಬಹುದಾ?

ಮರು: ಸಕಲೇಶಪುರದಿಂದ

ಅನ್ನಬಹುದು. ಪಕ್ಕದಲ್ಲಿ ಪೀಬೆರಿ ಅಂತಲೂ ಇರಲಿ, ಚೀಲದ ಮೇಲೆ ಅದೇ ಇರುವುದು.

ಮರು: ಮೈಸೂರಿನಿಂದ

'ಒಳಸಿಪ್ಪೆ', 'ಒಂಟಿಬೀಜ' ಒಪ್ಪಿದೆ. 'ತೊಗಲು' ಬಿಟ್ಟದ್ದು ಒಪ್ಪಿಲ್ಲ.