ಮೇ ತಿಂಗಳ ಬಳ್ಳಾರಿ ಬಿಸಿಲಲ್ಲಿ ಹಾರ್ವರ್ಡ್ ವಿಮಾನ ಲೂಪ್ ಹೊಡೆಯಬಹುದಾ?

ಕೋಟೆಗುಡ್ಡ, ಬಳ್ಳಾರಿ:
ಏರ್ ಶೋ ಅಂದ್ರೆ ಯಲಹಂಕ, ಅದೂ ಫೆಬ್ರವರಿ. ಬಿಸಿಲಿಗೆ ಗಾಳಿ ತೆಳುವಾಗುತ್ತೆ, ಅದಕ್ಕೇ ನಮ್ಮ ಕಡೆ ಹಳೇ ಯುದ್ಧವಿಮಾನಗಳ ಕಸರತ್ತು ಆಗಲ್ಲ ಅಂತಾರೆ. ಆದ್ರೆ ಯಲಹಂಕ ಸಮುದ್ರಮಟ್ಟದಿಂದ ಸುಮಾರು 3,000 ಅಡಿ, ಬಳ್ಳಾರಿ 1,600 ಅಷ್ಟೇ. ತಗ್ಗಿನಲ್ಲಿರೋ ನಮಗೇ ಗಾಳಿ ದಟ್ಟ ಇರಬೇಕಲ್ವಾ? ಹಾರ್ವರ್ಡ್, ಟೈಗರ್ ಮಾತ್ ಥರದ ಹಳೇ ತರಬೇತಿ ವಿಮಾನಗಳು 42 ಡಿಗ್ರಿಯಲ್ಲಿ ಲೂಪ್ (ಮೇಲೇರಿ ತಲೆಕೆಳಗಾಗಿ ಇಳಿಯೋ ಪೂರ್ತಿ ಸುತ್ತು) ಹೊಡೆದ್ರೆ ಏನಾಗುತ್ತೆ? ಲೆಕ್ಕದ ಸಮೇತ ಹೇಳಿ.

ಗಾಳಿಗುಡ್ಡ, ಕೊಪ್ಪಳ:
ಲೆಕ್ಕ ಹಾಕೇ ನೋಡೂಣ್ರಿ. ಪ್ರಮಾಣಿತ ಗಾಳಿ ಅಂದ್ರ ಸಮುದ್ರಮಟ್ಟದಾಗ 15 ಡಿಗ್ರಿ, ಮ್ಯಾಲ ಹೋದಂಗ 1,000 ಅಡಿಗೆ 2 ಡಿಗ್ರಿ ಕಡಿಮಿ. ಬಳ್ಳಾರಿ ಎತ್ತರಕ್ಕ 12 ಇರಬೇಕು. 42 ಇದ್ರ 30 ಹೆಚ್ಚಾತು. ಒಂದ್ ಡಿಗ್ರಿ ಹೆಚ್ಚಾದ್ರ 120 ಅಡಿ ಮ್ಯಾಲ ಹೋದಷ್ಟು ಗಾಳಿ ತೆಳು ಆಕ್ಕೈತಿ, ಆ ಲೆಕ್ಕಕ್ಕ 3,600. 1,600ಕ್ಕ ಕೂಡಿಸಿದ್ರ 5,200 ಅಡಿ. ರೆಕ್ಕಿಗೂ ಎಂಜಿನ್ನಿಗೂ ಗೊತ್ತಾಗೂ ಎತ್ತರ ಇದು. ಯಲಹಂಕದಾಗ ಫೆಬ್ರವರಿ ಮಧ್ಯಾಹ್ನ 28 ಹಿಡೀರಿ. ಇರಬೇಕಾದ್ದು 9, ಹೆಚ್ಚು 19. 3,000ಕ್ಕ 2,280 ಕೂಡಿ 5,280. ಅಲ್ಲಿಗೆ ಸರಿಸಮ ಆತಲ್ಲ! ಗಾಳಿ ಸಾಲೂದಿಲ್ಲ ಅನ್ನೂದು ಬರೇ ಮಾತು. ಡಿಸೆಂಬರ್ ಮುಂಜಾನಿ 18 ಡಿಗ್ರಿಗೆ ಬಳ್ಳಾರಿ 2,300ರ ಆಸುಪಾಸು, ಯಲಹಂಕಕ್ಕಿಂತ ಎಷ್ಟೋ ಚಲೋ.

5,200ರಾಗ ಗಾಳಿ ಶೇ. 14ರಷ್ಟು ತೆಳು. ಮೀಟರ್ ಅದೇ ವೇಗ ತೋರಿಸಿದ್ರೂ ಖರೇ ವೇಗ ಶೇ. 8 ಜಾಸ್ತಿ. ಅಷ್ಟೇ ಜಿ (ಮೈಮ್ಯಾಲ ಬೀಳೂ ಭಾರದ ಪಟ್ಟು) ಎಳದ್ರ ಲೂಪ್ ವೇಗದ ವರ್ಗದಂಗ ಬೆಳೀತೈತಿ: 800 ಅಡಿದು 930 ದಾಟ್ತೈತಿ. ಟೈಗರ್ ಮಾತ್‌ನ 130 ಅಶ್ವಶಕ್ತಿ 110ರ ಹತ್ರ ಇಳೀತೈತಿ. ಹಾರ್ವರ್ಡ್‌ಗೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬೂ ಸೂಪರ್‌ಚಾರ್ಜರ್ ಐತಿ, ಅಷ್ಟು ಸೊರಗೂದಿಲ್ಲ.

ಕೃಷ್ಣಾತೀರ, ರಾಯಚೂರು:
ಲೆಕ್ಕ ಸರಿ. ಆದರೆ ಅಪಾಯ ಇರೋದು ಲೂಪಿನ ಎರಡನೇ ಅರ್ಧದಲ್ಲಿ. ಶಕ್ತಿ ಸಾಲದೆ ಲೂಪಿನ ನೆತ್ತಿ (ತುತ್ತತುದಿ) ತಗ್ಗಿದರೂ ಇಳಿದು ಹೊರಬರೋಕೆ ಹೆಚ್ಚು ಎತ್ತರವೇ ಬೇಕು. ಅದಕ್ಕೇ ನೆತ್ತಿಯಲ್ಲಿ ‘ಗೇಟ್’ ಇಟ್ಟುಕೊಳ್ತಾರೆ: ಇಷ್ಟು ಎತ್ತರ, ಇಷ್ಟು ವೇಗ. ಎತ್ತರ ಕಡಿಮೆ ಇದ್ದರೆ ಮೂಗು ಕೆಳಗೆ ಎಳೆಯೋ ಮಾತೇ ಇಲ್ಲ, ಅರ್ಧ ಉರುಳಿ ನೆಟ್ಟಗಾಗಿ ಆಚೆ ಹೋಗಬೇಕು. ಆ ಅಂಕಿಯನ್ನ ಅವತ್ತಿನ ಉಷ್ಣಾಂಶ ನೋಡಿ ಏರಿಸಬೇಕು, ಹಳೇ ಚೀಟಿ ನಂಬಬಾರದು. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಾಕರ್ ಹಂಟರ್ ಅನ್ನೋ ಹಳೇ ಜೆಟ್ ವಿಮಾನ ನೆತ್ತಿ ಮುಟ್ಟಿದಾಗ 3,500 ಅಡಿ ಬೇಕಿತ್ತು, ಇದ್ದದ್ದು ಸುಮಾರು 2,700. ಆದರೂ ಲೂಪ್ ಮುಂದುವರಿಯಿತು, 11 ಜನ ಸತ್ತರು. ಅಲ್ಲಿ ಬಿಸಿಲಿನ ತಪ್ಪಿಲ್ಲ. ಹೊಕ್ಕ ವೇಗವೂ ಎಂಜಿನ್ ಒತ್ತೂ ಎರಡೂ ಸಾಲಲಿಲ್ಲ.

ಕೋಟೆಗುಡ್ಡ, ಬಳ್ಳಾರಿ:
ಹಾಗಾದ್ರೆ ಬೇಸಿಗೆ ಬೇಡ ಅನ್ನೋಕೆ ಬೇರೆ ಕಾರಣ ಇದೆಯಾ ಸರ್?

ಗಾಳಿಗುಡ್ಡ, ಕೊಪ್ಪಳ:
ಐತ್ರಿ, ನೆಲದ ಮ್ಯಾಲ. ಮೊದಮೊದಲ ಸ್ಪಿಟ್‌ಫೈರ್ ಯುದ್ಧವಿಮಾನಗಳಿಗೆ ರೇಡಿಯೇಟರ್ ಒಂದೇ, ಬಲ ರೆಕ್ಕಿ ಕೆಳಗ. ಚಕ್ರದ ಕಾಲು ಇಳಿದಿದ್ರ ಅದಕ್ಕ ಗಾಳಿ ಅಡ್ಡಗಟ್ತೈತಿ. ರನ್‌ವೇ ಖಾಲಿ ಆಗೂತನಕ ಸರದಿಯಾಗ ನಿಂತ್ರ ಕೂಲೆಂಟ್ (ಎಂಜಿನ್ ತಣಿಸೂ ದ್ರವ) ಕುದ್ದು ಹೊರಗ ಬರ್ತೈತಿ. ಹಾರ್ವರ್ಡ್‌ಗೆ ಈ ಕಾಟ ಇಲ್ಲ, ಅದರ ವಾಸ್ಪ್ ಎಂಜಿನ್ ಗಾಳಿಯಿಂದ ತಣಿಯೂದು. ನಮ್ಮ ಕೆಂಪು ಅದಿರಿನ ಧೂಳಿಗೆ ಫಿಲ್ಟರ್ ಮಾತ್ರ ಎರಡಕ್ಕೂ ಬೇಕು.

ಕೃಷ್ಣಾತೀರ, ರಾಯಚೂರು:
ವಾಸ್ಪ್‌ಗೆ ಬೇರೆ ಕಾಟ ಇದೆ. ನಿಲ್ಲಿಸಿಟ್ಟಾಗ ಎಣ್ಣೆ ಕೆಳಗಿನ ಸಿಲಿಂಡರ್‌ಗಳಿಗೆ ಇಳಿಯುತ್ತೆ, ಬಿಸಿಗೆ ತೆಳುವಾದರೆ ಇನ್ನೂ ಬೇಗ. ಎಣ್ಣೆ ಕುಗ್ಗಲ್ಲ, ಹಾಗೇ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಮೊದಲು ಮ್ಯಾಗ್ನೆಟೊ (ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡೋ ಸಾಧನ) ಆಫ್ ಮಾಡಿ ಪ್ರೊಪೆಲ್ಲರನ್ನ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಒಂಬತ್ತೂ ಸಿಲಿಂಡರ್ ಒತ್ತಿ ಮುಗಿದಿರುತ್ತೆ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಹಿಂದಕ್ಕಂತೂ ತಿರುಗಿಸಲೇಬೇಡಿ. ಹಾಗೆ ತಿರುಗಿಸಿದರೆ ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗಿ ಕೂತು, ಸ್ಟಾರ್ಟ್ ಆದ ಕೂಡಲೇ ವಾಪಸ್ ಸಿಲಿಂಡರಿಗೇ ಬರುತ್ತೆ. ತಡೆದರೆ ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಸುರಿಸಿಬಿಡಿ.